ಚಿಕ್ಕವಳು ಹಟಮಾರಿಯಲ್ಲ

ಸೋಮವಾರಪೇಟೆ

ಪ್ರೀತಿಯ ಪುಟ್ಟಿ,

ಹುತ್ತರಿ ಹಬ್ಬದ ರಾತ್ರಿ ಗುಂಡು ಹಾರಿಸಿದಾಗ ನಿನ್ನ ಚಿಕ್ಕವಳು ಅರ್ಧ ಗಂಟೆ ಅತ್ತಳು. ದೊಡ್ಡವನು ಆ ವಯಸ್ಸಿನಲ್ಲಿ ಅದೇ ಸದ್ದಿಗೆ ಒಮ್ಮೆ ಕಣ್ಣರಳಿಸಿ, ಮತ್ತೆ ಬೆರಳು ಚೀಪುತ್ತಾ ಕೂತಿದ್ದ. ‘ಎತ್ತಿ ಎತ್ತಿ ಅಭ್ಯಾಸ ಮಾಡಿಸಿದ್ದೀಯ’ ಅಂತ ಯಾರೋ ಅಂದರಲ್ಲ, ನಿನ್ನ ಮುಖ ಬಾಡಿದ್ದು ನೋಡಿದೆ.

ನಿನ್ನ ತಪ್ಪಲ್ಲ ಕಣೇ. ಇಬ್ಬರಿಗೂ ಅದೇ ಹಾಲು, ಅದೇ ತೊಟ್ಟಿಲು. ಹಿಂದೆ ಮಗು ಕಿರಿಕಿರಿ ಮಾಡಿದರೆ ಡಾಕ್ಟರುಗಳೂ ತಾಯಿಯನ್ನೇ ದೂರುತ್ತಿದ್ದರು. ನ್ಯೂಯಾರ್ಕ್‌ನ ಅಲೆಕ್ಸಾಂಡರ್ ಥಾಮಸ್, ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ಶುರುಮಾಡಿ ನೂರಕ್ಕೂ ಹೆಚ್ಚು ಮಕ್ಕಳನ್ನು ಕೂಸಿನಿಂದ ದೊಡ್ಡವರಾಗುವ ತನಕ ಗಮನಿಸಿದರು. ಹಸಿವು ನಿದ್ದೆಯ ಹೊತ್ತು, ಸದ್ದಿಗೆ ಬೆಚ್ಚುವುದು, ಹೊಸಬರ ಹತ್ತಿರ ಹೋಗುವುದು, ಅಳುವಿನ ಜೋರು, ಹೀಗೆ 9 ವಿಷಯಗಳಲ್ಲಿ ಮಕ್ಕಳು ಮೊದಲ ತಿಂಗಳುಗಳಿಂದಲೇ ಬೇರೆ ಬೇರೆ ಅಂತ ಕಂಡುಕೊಂಡರು. ನೂರಕ್ಕೆ 40 ಮಕ್ಕಳು ಸಲೀಸು, 10 ಕಷ್ಟ, 15 ನಿಧಾನಕ್ಕೆ ಹೊಂದಿಕೊಳ್ಳುವವರು. ಉಳಿದವರು ಯಾವ ಗುಂಪಿಗೂ ಸೇರಲಿಲ್ಲ. ನನಗೆ ಅದೇ ಜಾಸ್ತಿ ಇಷ್ಟವಾಯಿತು!

ಚಿಕ್ಕವಳು ಆ 15ರಲ್ಲಿ ಒಬ್ಬಳು ಅಂತ ನನ್ನ ಲೆಕ್ಕ. ನನ್ನ ಮಗನೂ ಹಾಗೇ. ಶಾಲೆಯ ಬಾಗಿಲಲ್ಲಿ ಬಿಟ್ಟು, ತಿರುಗಿ ನೋಡದೆ ಹೋಗಿ ಅಂದರು. ಹೋದೆ. ತಿಂಗಳಿಡೀ ಬೆಳಿಗ್ಗೆ ಎದ್ದರೆ ಅವನಿಗೆ ವಾಂತಿ. ಆಮೇಲೆ ಹಟ ಮಾಡಿ ಒಂದು ವಾರ ಅಲ್ಲೇ ಜಗಲಿಯಲ್ಲಿ ಕೂತೆ. ಮೊದಲ ದಿನ ಮಡಿಲು ಬಿಡಲಿಲ್ಲ. ಮೂರನೇ ದಿನ ಮರಳಿಗೆ ಇಳಿದ. ಶನಿವಾರ ‘ನೀನು ಹೋಗಮ್ಮ’ ಅಂದ. ಆ ತಿಂಗಳು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನೆಂಟರ ಮನೆಗೆ ಎಲ್ಲರಿಗಿಂತ ಮೊದಲೇ ಹೋಗು. ಗದ್ದಲ ಶುರುವಾಗುವ ಮುಂಚೆ ಅವಳು ಮನೆಯನ್ನು ನೋಡಿಕೊಳ್ಳಲಿ. ಯಾರಾದರೂ ಕೈ ಚಾಚಿದರೆ ‘ಸ್ವಲ್ಪ ತಾಳಿ, ಅವಳೇ ಬರ್ತಾಳೆ’ ಅನ್ನು. ಗುಂಡು ಹಾರಿಸುವಾಗ ಒಳಕೋಣೆಗೆ ಕರೆದುಕೊಂಡು ಹೋದರಾಯಿತು. ಹಾಗಂತ ಬಚ್ಚಿಡಬೇಡ. ನಮ್ಮ ಮಳೆಗಾಲ ಗೊತ್ತಲ್ಲ, ತಿಂಗಳುಗಟ್ಟಲೆ ಮನೆಯೊಳಗೇ ಇದ್ದರೆ ಹೊಸ ಮುಖ ಇನ್ನೂ ಕಷ್ಟ. ಮಳೆ ಬಿಟ್ಟಾಗೆಲ್ಲ ಪಕ್ಕದ ಮನೆಗಾದರೂ ಹೋಗಿ ಬಾ.

ಕರೆದರೂ ತಿರುಗದಿದ್ದರೆ, ಕಲಿತ ಮಾತು ಬಿಟ್ಟುಬಿಟ್ಟರೆ ಸ್ವಭಾವ ಅಂತ ಸುಮ್ನೆ ಇರಬಾರದು, ಡಾಕ್ಟರಿಗೆ ತೋರಿಸಬೇಕು. ಇವಳಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ದೊಡ್ಡವನನ್ನೂ ಗಮನಿಸು. ಸಲೀಸಾದ ಮಗು ಏನೂ ಕೇಳುವುದಿಲ್ಲ, ನಾವೂ ಕೊಡಲು ಮರೆಯುತ್ತೇವೆ.

ಅಂದ ಹಾಗೆ, ನಿನ್ನ ಗಂಡ ಹೆಣ್ಣು ನೋಡಲು ಬಂದಾಗ ಎರಡು ಲೋಟ ಕಾಫಿ ಮುಗಿಯುವ ತನಕ ಬಾಯಿ ಬಿಡಲಿಲ್ಲ, ಅಲ್ವಾ?

ನಿನ್ನ ದೊಡ್ಡಮ್ಮ