ರಿವರ್ಸ್‌ನಲ್ಲಿ ಬಾಗುವ ಕನ್ನಡಿಯನ್ನು ಆಫ್ ಮಾಡಿ ರಿಪೇರಿ ಆಯಿತು ಅಂದಿದ್ದೀರಿ

ಗೆ,
ಸರ್ವಿಸ್ ವಿಭಾಗದ ಮ್ಯಾನೇಜರ್,
ಹುಬ್ಬಳ್ಳಿ

ವಿಷಯ: ಕಾರಿನ ಎಡಗನ್ನಡಿಯ ದೋಷ, ಮತ್ತು ನನಗೆ ಹೇಳದೆ ಆ ಸೌಲಭ್ಯವನ್ನು ಬಂದ್ ಮಾಡಿದ ಬಗ್ಗೆ ದೂರು

ಮಾನ್ಯರೇ,

ಹೋದ ವರ್ಷ ಯುಗಾದಿಗೆ ನಿಮ್ಮಲ್ಲಿ ಕಾರು ತಗೊಂಡೆವು. ಮೊದಲು ನೋಡಿದ್ದು ಅದರ ಕೆಳಗಿನ ಮಾಡೆಲ್. ಆದರೂ ಜಾಸ್ತಿ ದುಡ್ಡು ಹೊಂದಿಸಿ ಟಾಪ್ ಮಾಡೆಲ್ ತಗೊಂಡಿದ್ದು ಎಡಗಡೆಯ ಕನ್ನಡಿಗೋಸ್ಕರ. ರಿವರ್ಸ್ ಹಾಕಿದ ಕೂಡಲೇ ಅದು ತಾನಾಗಿ ಕೆಳಗೆ ಬಾಗುತ್ತದೆ, ಹಿಂದಿನ ಚಕ್ರ ನೆಲಕ್ಕೆ ತಾಗುವ ಜಾಗ ಕಾಣುತ್ತದೆ ಅಂತ ನಿಮ್ಮ ಸೇಲ್ಸ್‌ನವರು ಶೋರೂಮಿನ ಅಂಗಳದಲ್ಲೇ ತೋರಿಸಿದ್ದರು. ಸನ್‌ರೂಫ್ ನಮಗೆ ಬೇಕಿರಲಿಲ್ಲ. ಈ ಕನ್ನಡಿ ಬೇಕಿತ್ತು.

ನಮ್ಮ ಮನೆ ಇರುವುದು ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ. ಅಲ್ಲಿ ಗಾಡಿ ತಿರುಗಿಸೋಕೆ ಜಾಗವಿಲ್ಲ. ದಿನಾ ಬೆಳಗ್ಗೆ ಮನೆ ಮುಂದಿನಿಂದ ಮೇನ್ ರೋಡಿನ ತನಕ ರಿವರ್ಸ್‌ನಲ್ಲೇ ಬರಬೇಕು. ಬಲಕ್ಕೆ ಮನೆಗಳ ಕಟ್ಟೆ, ಎಡಕ್ಕೆ ತೆರೆದ ಗಟಾರ. ಅದರ ಮೇಲೆ ಎರಡು ಮನೆಗಳ ಮುಂದೆ ಫರಸಿ ಇದೆ, ಮೂರನೇ ಮನೆಯ ಮುಂದೆ ಇಲ್ಲ. ಬಲಗಡೆಯಾದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಬಹುದು. ಎಡಗಡೆಗೆ ಆ ಕನ್ನಡಿಯೇ ಕಣ್ಣು.

ಸೆನ್ಸರ್ ಇದೆಯಲ್ಲ, ಕ್ಯಾಮೆರಾ ಇದೆಯಲ್ಲ ಅಂತ ನಿಮ್ಮ ಸರ್ವಿಸ್ ಅಡ್ವೈಸರ್ ಕೇಳಿದರು. ಸೆನ್ಸರ್ 2019ರ ಜುಲೈಯಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ, ಅದು ನನಗೂ ಗೊತ್ತು. ಆದರೆ ಅದು ಬಿಟ್ಟ ಶಬ್ದದ ಅಲೆ ಏನಕ್ಕಾದರೂ ಬಡಿದು ವಾಪಸ್ ಬಂದರೆ ತಾನೇ ಕೂಗೋದು? ಗೋಡೆ, ಕಂಬ, ನಿಲ್ಲಿಸಿದ ಬೈಕು ಇದ್ದರೆ ಕೂಗುತ್ತದೆ. ಗಟಾರ ಅಂದರೆ ತಗ್ಗು. ಅಲ್ಲಿ ಬಡಿಯೋಕೆ ಎದುರಿಗೆ ಏನೂ ಇಲ್ಲ. ಕ್ಯಾಮೆರಾ ಹಿಂದಿರುವುದನ್ನು ತೋರಿಸುತ್ತದೆ, ಪಕ್ಕದ ಚಕ್ರವನ್ನಲ್ಲ. ಮಳೆಗಾಲದಲ್ಲಿ ಅಣ್ಣಿಗೇರಿ ಕಡೆಯ ಹೊಲಕ್ಕೆ ಹೋಗಿ ಬಂದರಂತೂ ಅದಕ್ಕೆ ಎರೆಮಣ್ಣು ಮೆತ್ತಿಕೊಂಡು ಏನೂ ಕಾಣೋದಿಲ್ಲ.

ಮೊದಲ ಏಳೆಂಟು ತಿಂಗಳು ಕನ್ನಡಿ ಚೆನ್ನಾಗಿತ್ತು. ಆಮೇಲೆ ಕೆಳಗೆ ಬಾಗಿದ್ದು ಪೂರ್ತಿ ಮೇಲೇಳೋದು ಬಿಟ್ಟಿತು. ಮುಂದಿನ ಗೇರಿಗೆ ಬಂದರೂ ಒಂದೊಂದು ಸಲ ಅರ್ಧಕ್ಕೇ ನಿಲ್ಲುತ್ತಿತ್ತು. ನಾನು ದಿನಾ ಧಾರವಾಡಕ್ಕೆ ಕೆಲಸಕ್ಕೆ ಹೋಗುವವಳು. ನಡುವಿನ ದಾರಿ ಚಿಗರಿ ಬಸ್ಸಿನದು, ಉಳಿದ ಗಾಡಿಗಳೆಲ್ಲ ಎಡಗಡೆ ಒತ್ತಿಕೊಂಡೇ ಓಡಬೇಕು. ಒಂದು ದಿನ ಉಣಕಲ್ ಹತ್ತಿರ ಎಡಕ್ಕೆ ಸರಿಯಬೇಕಿತ್ತು. ಕನ್ನಡಿ ನೋಡಿದೆ. ಬಾಗಿಲ ಹಿಡಿಕೆ, ಡಾಂಬರು, ಒಂದು ಬಿಳಿ ಗೆರೆ, ಅಷ್ಟೇ ಕಂಡಿತು. ಕನ್ನಡಿ ಮೇಲೆದ್ದಿಲ್ಲ ಅಂತ ಹೊಳೆಯುವಷ್ಟರಲ್ಲಿ ಗಾಡಿ ಸ್ವಲ್ಪ ಸರಿದಿತ್ತು. ಜೋರಾಗಿ ಹಾರ್ನ್ ಕೇಳಿತು, ಬ್ರೇಕ್ ಒತ್ತಿದೆ. ಪಕ್ಕದಲ್ಲಿ ಸ್ಕೂಟಿ. ಮುಂದೆ ಯೂನಿಫಾರ್ಮ್ ಹಾಕಿದ ಪುಟ್ಟ ಹುಡುಗಿ ಹ್ಯಾಂಡಲ್ ಹಿಡಿದು ನಿಂತಿದ್ದಳು. ಕಾರಿನ ಎಡಬಾಗಿಲಿಗೂ ಅವಳ ಅಪ್ಪನ ಮೊಣಕಾಲಿಗೂ ನಡುವೆ ಒಂದು ಗೇಣು ಇರಲಿಲ್ಲ. ಆ ದಿನ ಆಫೀಸಿಗೆ ಹೋಗಿ ಕೂತರೂ ನನ್ನ ಕೈ ನಡುಗುತ್ತಿತ್ತು.

ಮಾರನೇ ದಿನವೇ ಗಾಡಿ ನಿಮ್ಮಲ್ಲಿಗೆ ತಂದೆ. ಕನ್ನಡಿ ಹೊಂದಿಸುವ ಸ್ವಿಚ್ಚನ್ನು ನೀವು ಎಡಕ್ಕೆ ಇಟ್ಟಿಲ್ಲ ಅಂದರು. ಆ ಸ್ವಿಚ್ ಎಡಕ್ಕೆ ಇಲ್ಲದಿದ್ದರೆ ನಮ್ಮ ಗಾಡಿಯಲ್ಲಿ ಕನ್ನಡಿ ಬಾಗೋದೇ ಇಲ್ಲ, ಇದು ನೀವೇ ಕೊಟ್ಟ ಪುಸ್ತಕದಲ್ಲಿದೆ. ಬಾಗುತ್ತಿದೆ ಅಂದಮೇಲೆ ಸ್ವಿಚ್ ಸರಿ ಇದೆ ಅಂತಲೇ ಅಲ್ವಾ? ಎರಡನೇ ಸಲ ಬ್ಯಾಟರಿ ವೈರ್ ಬಿಚ್ಚಿ ಹಾಕಿ ರೀಸೆಟ್ ಮಾಡಿದರು. ನಾಲ್ಕು ದಿನ ಸರಿ ಇತ್ತು. ಮೂರನೇ ಸಲ ಇಡೀ ದಿನ ಗಾಡಿ ಇಟ್ಟುಕೊಂಡು, ಸಂಜೆ ತೊಳೆದು ಕೊಟ್ಟರು. ಜಾಬ್ ಕಾರ್ಡಿನಲ್ಲಿ ‘ದೋಷ ಸರಿಪಡಿಸಲಾಗಿದೆ’ ಅಂತ ಬರೆದಿತ್ತು. ನಂಬಿ ಸಹಿ ಹಾಕಿದೆ.

ಮಾರನೇ ಬೆಳಗ್ಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ರಿವರ್ಸ್ ಹಾಕಿದೆ. ಕನ್ನಡಿಯಲ್ಲಿ ಹಿಂದಿನ ಮನೆಯ ಹೆಂಚು ಕಾಣುತ್ತಿತ್ತು. ಈಗ ಬಾಗುತ್ತದೆ ಅಂದುಕೊಂಡು ನಿಧಾನಕ್ಕೆ ಕ್ಲಚ್ ಬಿಟ್ಟೆ. ಬಾಗಲಿಲ್ಲ ಅಂತ ಗೊತ್ತಾದ ಕೂಡಲೇ ನಿಲ್ಲಿಸಬೇಕಿತ್ತು, ಅದು ನಿಜ. ಆದರೆ ಮೂರನೇ ಮನೆಯ ಮುಂದೆ ಎಡಗಡೆಯ ಹಿಂದಿನ ಚಕ್ರ ಆಗಲೇ ಗಟಾರಕ್ಕೆ ಇಳಿದಿತ್ತು. ಓಣಿಯ ಐದಾರು ಜನ ಬಂದು ಎತ್ತಿ ಕೊಟ್ಟರು. ಅಲಾಯ್ ವ್ಹೀಲಿನ ಅಂಚು ಕಿತ್ತಿದೆ, ಬಂಪರಿನ ಕೆಳಭಾಗ ಸೀಳಿದೆ.

ಫೋನ್ ಮಾಡಿದರೆ ನಿಮ್ಮ ಟೆಕ್ನಿಷಿಯನ್ ಹೇಳಿದ್ದು, ‘ಆ ಆಪ್ಷನ್ ಸಿಸ್ಟಮ್‌ನಲ್ಲಿ ಆಫ್ ಮಾಡಿದ್ದೇವೆ ಮೇಡಂ, ಇನ್ನು ಕನ್ನಡಿ ತೊಂದರೆ ಕೊಡೋದಿಲ್ಲ.’

ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗಾಯಿತು ಇದು. ನಿಮ್ಮ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಹೇಳಿದ ಹೊತ್ತಿಗೆ ಗಾಡಿ ಕೊಡುತ್ತಾರೆ, ಮರ್ಯಾದೆಯಿಂದ ಮಾತಾಡುತ್ತಾರೆ. ಆದರೆ ದುಡ್ಡು ಕೊಟ್ಟು ತಗೊಂಡ ಸೌಲಭ್ಯವನ್ನು ಆಫ್ ಮಾಡೋದು ರಿಪೇರಿ ಅಲ್ಲ. ಅದನ್ನು ನನಗೆ ಹೇಳದೆ, ರಿಪೇರಿ ಆಯಿತು ಅಂತ ಬರೆದು ಸಹಿ ಹಾಕಿಸಿಕೊಂಡಿದ್ದು ತಪ್ಪು. ಒಂದು ಮಾತು ಹೇಳಿದ್ದರೂ ಆ ಬೆಳಗ್ಗೆ ಅಪ್ಪನನ್ನು ಕೆಳಗೆ ನಿಲ್ಲಿಸಿಕೊಂಡು ಗಾಡಿ ತೆಗೆಯುತ್ತಿದ್ದೆ.

ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಕೇಳಿದೆ. ಕನ್ನಡಿಯೊಳಗೆ ಮೇಲೆ ಕೆಳಗೆ ಆಡಿಸುವ ಒಂದು ಸಣ್ಣ ಮೋಟಾರು, ಅಕ್ಕಪಕ್ಕ ಆಡಿಸುವ ಇನ್ನೊಂದು ಇರುತ್ತದಂತೆ. ಕನ್ನಡಿ ಈಗ ಎಲ್ಲಿದೆ ಅಂತ ಗಾಡಿಗೆ ತಿಳಿಸುವ ಸೆನ್ಸರ್ ಬೇರೆ. ಕೆಳಗೆ ಇಳಿಯುತ್ತಿದೆ ಅಂದರೆ ಮೋಟಾರು ಸತ್ತಿಲ್ಲ. ಆ ಸೆನ್ಸರ್ ತಪ್ಪು ಹೇಳುತ್ತಿರಬೇಕು, ಇಲ್ಲವೇ ಪ್ಲಾಸ್ಟಿಕ್ ಹಲ್ಲು ಸವೆದು ಜಾರುತ್ತಿರಬೇಕು. ಮೂರು ಸಲದಲ್ಲಿ ಒಂದು ಸಲವಾದರೂ ಕನ್ನಡಿ ಬಿಚ್ಚಿ ನೋಡಿದ್ದೀರಾ? ಜಾಬ್ ಕಾರ್ಡಿನಲ್ಲಂತೂ ಎಲ್ಲೂ ಬರೆದಿಲ್ಲ.

ಗಾಡಿ ಇನ್ನೂ ವಾರಂಟಿಯಲ್ಲಿದೆ. ಕೆಟ್ಟ ಭಾಗ ಬದಲಿಸಿ, ಬೇಕಾದರೆ ಇಡೀ ಕನ್ನಡಿಯನ್ನೇ ಬದಲಿಸಿ, ಆ ಸೌಲಭ್ಯವನ್ನು ಮತ್ತೆ ಆನ್ ಮಾಡಿಕೊಡಿ. ಸಿಸ್ಟಮ್‌ನಲ್ಲಿ ಏನೇನು ಬದಲಿಸಿದ್ದೀರಿ ಅಂತ ಬರಹದಲ್ಲಿ ಕೊಡಿ, ಮೂರನೇ ಜಾಬ್ ಕಾರ್ಡನ್ನು ತಿದ್ದಿ. ವ್ಹೀಲ್ ಮತ್ತು ಬಂಪರಿನ ಖರ್ಚು ನಿಮ್ಮದು. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯಲ್ಲಿ ಅದಕ್ಕೆ ಎರಡು ವರ್ಷದ ಕಾಲಾವಕಾಶ ಇದೆ.

ರಿಪೇರಿಯಾದ ಮೇಲೆ ನಿಮ್ಮ ಅಂಗಳದಲ್ಲಿ ಟ್ರಯಲ್ ಬೇಡ. ನಿಮ್ಮ ಟೆಕ್ನಿಷಿಯನ್ ಒಬ್ಬರು ನಮ್ಮ ಓಣಿಗೆ ಬರಲಿ. ನನ್ನ ಪಕ್ಕದಲ್ಲಿ ಕೂತು, ಮನೆಯಿಂದ ಮೇನ್ ರೋಡಿನ ತನಕ ರಿವರ್ಸ್‌ನಲ್ಲಿ ಬಂದು, ಅಲ್ಲಿಂದ ಉಣಕಲ್ ತನಕ ಹೋಗಿ ನೋಡೋಣ. ಕನ್ನಡಿ ಇಳಿದು, ಮತ್ತೆ ತನ್ನ ಜಾಗಕ್ಕೆ ಬಂದರೆ ಅಲ್ಲೇ ಸಹಿ ಹಾಕಿಕೊಡುತ್ತೇನೆ.

ಇದರೊಂದಿಗೆ ಮೂರು ಜಾಬ್ ಕಾರ್ಡಿನ ಪ್ರತಿ, ಕನ್ನಡಿ ಅರ್ಧಕ್ಕೆ ನಿಲ್ಲುವ ವಿಡಿಯೋ, ಚಕ್ರದ ಫೋಟೋ ಇಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ,
ಹಳೇ ಹುಬ್ಬಳ್ಳಿ