ರಿಪೋರ್ಟಿನ ‘ನಾರ್ಮಲ್’ ನಂಬಿ ಮಾತ್ರೆ ಬಿಟ್ಟೆವು

ಸಂಪಾದಕರೇ,

ಕಳೆದ ಆಷಾಢದಲ್ಲಿ ನಮ್ಮ ಯಜಮಾನರಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಚಾ ಲೋಟ ಬಲಗೈಯಿಂದ ಜಾರಿತು, ಮಾತು ತೊದಲಿತು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿತ್ತು. ಈಗ ಕೋಲು ಹಿಡಿದು ಅಂಗಳದ ತನಕ ಬರುತ್ತಾರೆ. ನಾನು ಬರೆಯುತ್ತಿರುವುದು ಅದರ ನಂತರ ಆದ ಎಡವಟ್ಟಿನ ಬಗ್ಗೆ.

ಆರು ತಿಂಗಳಿಗೆ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ, ಮಾಡಿಸಿದೆವು. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 96. ಪಕ್ಕದ ಕಾಲಂನಲ್ಲಿ ‘100ರ ಒಳಗೆ’ ಎಂದಿತ್ತು. ದಪ್ಪ ಅಕ್ಷರವಿಲ್ಲ, ಸ್ಟಾರ್ ಗುರುತಿಲ್ಲ. ಎಲ್ಲಾ ನಾರ್ಮಲ್ ಅಲ್ವಾ ಎಂದು ಇವರು ಕೊಲೆಸ್ಟ್ರಾಲ್ ಇಳಿಸುವ ರಾತ್ರಿಯ ಸ್ಟ್ಯಾಟಿನ್ ಮಾತ್ರೆ ಬಿಟ್ಟರು. ನಾನೂ ಸುಮ್ಮನಿದ್ದೆ. ಅದೇ ವಾರ ನೆಂಟರೊಬ್ಬರು, ರಕ್ತದ ಕೊಬ್ಬು ಕೆಡದಂತೆ ತಡೆಯುತ್ತದೆ ಎಂದು ಆಂಟಿಆಕ್ಸಿಡೆಂಟ್ ಪುಡಿಯ ಡಬ್ಬಿ ತಂದುಕೊಟ್ಟರು. 2,400 ರೂಪಾಯಿ! ಖಾಲಿ ಡಬ್ಬಿಯಲ್ಲಿ ಈಗ ಒಣಸಿಗಡಿ ತುಂಬಿಟ್ಟಿದ್ದೇನೆ.

ಎರಡು ತಿಂಗಳ ಮೇಲೆ ಮತ್ತೆ ನೋಡಿಸಿದರೆ 151. ಡಾಕ್ಟರು ಹಳೇ ರಿಪೋರ್ಟಿನ 96ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ 70 ಎಂದು ಬರೆದರು. ಇವರಂಥವರಿಗೆ ಅದಕ್ಕಿಂತ ಕೆಳಗಿರಬೇಕಂತೆ. 96 ಆದದ್ದೂ ಮಾತ್ರೆಯಿಂದಲೇ.

ಪುಡಿಯ ಬಗ್ಗೆ ಕೇಳಿದೆ. ಅದರ ಹಿಂದಿನ ಮಾತು ಪೂರ್ತಿ ಸುಳ್ಳಲ್ಲ ಎಂದರು. ಎಲ್‌ಡಿಎಲ್ ರಕ್ತನಾಳದ ಗೋಡೆಯೊಳಗೆ ನುಸುಳಿ ಅಲ್ಲಿ ಕೆಡುತ್ತದೆ, ಮಳೆಗಾಲದಲ್ಲಿ ಕೊಬ್ಬರಿ ಕಮಟು ಹಿಡಿಯುತ್ತದಲ್ಲ, ಹಾಗೆ. ಆ ಕಮಟು ಕೊಬ್ಬು ತಿನ್ನಲು ಬಿಳಿ ರಕ್ತಕಣಗಳು ಬರುತ್ತವೆ, ತಿಂದು ಉಬ್ಬಿ ಅಲ್ಲೇ ಕೂರುತ್ತವೆ. ಗೋಡೆ ದಪ್ಪವಾಗುತ್ತದೆ. ಆದರೆ ಸಾವಿರಾರು ಜನರಿಗೆ ವರ್ಷಗಟ್ಟಲೆ ಅಂಥದೇ ಆಂಟಿಆಕ್ಸಿಡೆಂಟ್ ಆದ ವಿಟಮಿನ್ ಇ ಕೊಟ್ಟು ನೋಡಿದರೂ ಲಕ್ವಾ ಕಡಿಮೆಯಾಗಲಿಲ್ಲವಂತೆ. ಎಲ್‌ಡಿಎಲ್ ಇಳಿದರೆ ಕಮಟಾಗಲು ಸರಕೇ ಕಡಿಮೆ. ಬೀಡಿ ಬಿಟ್ಟರೆ ಇನ್ನೂ ಒಳ್ಳೆಯದು. (ಬೀಡಿ ಬಿಡಿಸಲು 32 ವರ್ಷ ಹೆಣಗಿದೆ, ಆಗಲಿಲ್ಲ. ಲಕ್ವಾಕ್ಕೆ ಒಂದೇ ಬೆಳಿಗ್ಗೆ ಸಾಕಾಯಿತು.) ಬಂಗಡೆ ಸಾರು ಉಣ್ಣಬಹುದು, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುರಿದದ್ದು ಬೇಡ ಎಂದಾಗ ಮಾತ್ರ ಇವರ ಮುಖ ಸಣ್ಣದಾಯಿತು.

ನಮ್ಮ ಜಿಲ್ಲೆಯ ಲ್ಯಾಬಿನವರಲ್ಲಿ ಒಂದು ವಿನಂತಿ. ಲಿಪಿಡ್ ರಿಪೋರ್ಟಿನ ಕೆಳಗೆ ಕನ್ನಡದಲ್ಲಿ ಒಂದು ಸಾಲು ಹಾಕಿ: ‘ಲಕ್ವಾ, ಹೃದಯಾಘಾತ ಆದವರ ಮಿತಿ ಬೇರೆ, ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ.’ ಜಾಹೀರಾತಿಗೆ ಅರ್ಧ ಪುಟ ಬಿಡುತ್ತೀರಿ, ಇದಕ್ಕೆ ಜಾಗ ಇಲ್ಲ ಅನ್ನಬೇಡಿ.

– ಒಬ್ಬ ನಿವೃತ್ತ ಶಿಕ್ಷಕಿ, ಅಂಕೋಲಾ