ಓಡಿಸಿದರಷ್ಟೇ ಸಾಲದು, ಮಗಳೇ

ಪ್ರೀತಿಯ ಮಗಳೇ,

ಆಶೀರ್ವಾದಗಳು. ನಿನ್ನ ಸ್ಪ್ರಿಂಗರ್ ಸ್ಪೇನಿಯಲ್ ನಾಯಿಗೆ ವರ್ಷ ತುಂಬುತ್ತ ಬಂತು, ಬೆಳಿಗ್ಗೆ ಸಂಜೆ ಎಷ್ಟು ಓಡಿಸಿದರೂ ಮನೆಗೆ ಬಂದ ಕೂಡಲೇ ಚಪ್ಪಲಿ ಕಚ್ಚಿಕೊಂಡು ಮತ್ತೆ ಓಟ ಕೀಳುತ್ತದೆ ಎಂದು ಬರೆದಿದ್ದೀಯೆ. ಇನ್ನೂ ಹೆಚ್ಚು ಓಡಿಸಲೇ ಎಂದೂ ಕೇಳಿದ್ದೀಯೆ. ಬೇಡ. ಓಡಿಸಿದಷ್ಟೂ ಅದರ ದಮ್ಮು ಬೆಳೆಯುತ್ತದೆ. ಇವತ್ತು ಸುಸ್ತಾಗಿಸಿದ ದೂರ ಮುಂದಿನ ತಿಂಗಳು ಅದಕ್ಕೆ ಲೆಕ್ಕಕ್ಕೇ ಇರುವುದಿಲ್ಲ.

ಪೊದೆಗಳಲ್ಲಿ ಅಡಗಿದ ಹಕ್ಕಿಗಳನ್ನು ಮೂಸಿ ಹುಡುಕಿ ಮೇಲೆಬ್ಬಿಸಲು, ಬಿದ್ದ ಬೇಟೆಯನ್ನು ಬಾಯಲ್ಲಿ ಹಿಡಿದು ತಂದೊಪ್ಪಿಸಲು ಇಂಗ್ಲೆಂಡಿನಲ್ಲಿ ಬೆಳೆಸಿದ ತಳಿ ಇದು. 1902ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಎಂಬ, ನಾಯಿ ತಳಿಗಳನ್ನು ದಾಖಲಿಸುವ ಸಂಸ್ಥೆ ಪ್ರತ್ಯೇಕ ತಳಿಯೆಂದು ಮಾನ್ಯ ಮಾಡುವ ಮೊದಲು, ಒಂದೇ ಸೂಲಿನಲ್ಲಿ ಹುಟ್ಟಿದ ದೊಡ್ಡ ಮರಿ ಸ್ಪ್ರಿಂಗರ್, ಚಿಕ್ಕ ಮರಿ ಕಾಕರ್ ಎನಿಸಿಕೊಳ್ಳುತ್ತಿತ್ತು. ಬೇಟೆಗಾರನ ಕಣ್ಣಳತೆಯಲ್ಲೇ ಇದ್ದು ದಿನವಿಡೀ ಮೂಗಿನಿಂದ ದುಡಿದ ಜೀವಗಳ ಸಂತಾನ ಅದು. ಅದಕ್ಕೆ ಬೇಕಾದ್ದು ಕೆಲಸ, ಮತ್ತು ನೀನು.

ದಿನಕ್ಕೆ ಸುಮಾರು ಎರಡು ಗಂಟೆಯ ತಿರುಗಾಟ ಬೇಕೇ ಬೇಕು, ಅದರಲ್ಲಿ ಚೌಕಾಸಿಯಿಲ್ಲ. ಆದರೆ ಚೆಂಡನ್ನು ಎಸೆದೆಸೆದು ಅದನ್ನು ಹುಚ್ಚೆಬ್ಬಿಸಬೇಡ. ಕೂರಿಸಿ, ಕಾಯಿಸಿ, ಚೆಂಡನ್ನು ಹುಲ್ಲಿನಲ್ಲಿ ಅಡಗಿಸಿ ಬಂದು, ಆಮೇಲೆ ಹುಡುಕಲು ಬಿಡು. ಆಗ ನಾಯಿಯನ್ನೇ ನೋಡುತ್ತಿರು. ಮೂಗು ನೆಲಕ್ಕೆ ತಾಗಿಸಿ ಎಡಕ್ಕೂ ಬಲಕ್ಕೂ ಹಾಯುತ್ತದೆ. ವಾಸನೆಯ ಎಳೆ ಸಿಕ್ಕಿತೋ, ಬಾಲದ ಬೀಸು ಚುರುಕಾಗುತ್ತದೆ, ಉಸಿರಿನ ಸದ್ದೇ ಬದಲಾಗುತ್ತದೆ. ಕಾಲು ಗಂಟೆ ಹೀಗೆ ತಲೆ ಓಡಿಸಿದ ನಾಯಿ ತಾನಾಗಿಯೇ ಮಲಗುತ್ತದೆ. ಒಮ್ಮೊಮ್ಮೆ ಊಟದ ಕಾಳುಗಳನ್ನೂ ತಟ್ಟೆಗೆ ಹಾಕದೆ ಹುಲ್ಲಿನಲ್ಲಿ ಚೆಲ್ಲು. ಅದರ ಚಾಪೆಯ ಮೇಲೆ ಸುಮ್ಮನೆ ಒರಗಿದಾಗ ಮೆಲ್ಲಗೆ ಮೆಚ್ಚಿಕೋ. ವಿಶ್ರಾಂತಿಯನ್ನೂ ಇಂಥ ನಾಯಿಗೆ ಕಲಿಸಬೇಕಾಗುತ್ತದೆ.

ಚಪ್ಪಲಿ ಕಚ್ಚಿದಾಗ ಅಟ್ಟಿಸಿಕೊಂಡು ಹೋಗಬೇಡ. ಅಟ್ಟಿದರೆ ಅದಕ್ಕೆ ಆಟ, ಗದರಿ ಕಿತ್ತುಕೊಂಡರೆ ಸಿಕ್ಕಿದ್ದನ್ನು ಬಚ್ಚಿಡುವ, ಗುರುಗುಟ್ಟುವ, ಕೊನೆಗೆ ನುಂಗಿಯೇ ಬಿಡುವ ಅಭ್ಯಾಸವಾದೀತು. ಬಾಯಲ್ಲಿ ಏನಾದರೂ ಹೊತ್ತು ನಿನ್ನ ಬಳಿ ತರುವುದು ಅದರ ಹುಟ್ಟುಗುಣ. ತಂದಾಗ ಸಂತೋಷಪಡು, ಬದಲಿಗೆ ತಿಂಡಿ ಕೊಟ್ಟು ಬಿಡಿಸಿಕೋ. ಶಿಳ್ಳೆಗೆ ಓಡಿಬರುವುದನ್ನು ಉದ್ದ ಹಗ್ಗ ಕಟ್ಟಿಕೊಂಡೇ ಕಲಿಸು. ಹಕ್ಕಿಯ ವಾಸನೆ ಹಿಡಿದ ಮೇಲೆ ನೀನು ಕೂಗುವ ಹೆಸರು ಅದರ ಕಿವಿಗೆ ಬೀಳುವುದಿಲ್ಲ.

ದಿನವಿಡೀ ಅದನ್ನು ಒಂಟಿಯಾಗಿ ಬಿಟ್ಟು ಹೋಗಬೇಡವಮ್ಮ. ಕೆಲವು ನಿಮಿಷಗಳಿಂದ ಆರಂಭಿಸಿ ಒಂಟಿತನವನ್ನು ರೂಢಿ ಮಾಡಿಸು. ಅದು ಬಾಗಿಲು ಕೆರೆಯುವುದು ತುಂಟತನಕ್ಕಲ್ಲ, ಸಂಕಟಕ್ಕೆ.

ಇನ್ನು ಕಿವಿ. ನನ್ನ ಆತಂಕವೆಲ್ಲ ಅಲ್ಲೇ. ಜೋತುಬಿದ್ದ, ಕೂದಲು ತುಂಬಿದ ಆ ಕಿವಿಯೊಳಗೆ ಗಾಳಿಯಾಡುವುದಿಲ್ಲ. ತೇವ ನಿಂತರೆ ಸೋಂಕು ಬೇಗ ಅಂಟುತ್ತದೆ. ವಾರಕ್ಕೊಮ್ಮೆಯಾದರೂ ಎತ್ತಿ ನೋಡು, ಮೂಸಿಯೂ ನೋಡು. ಒಳಗೆ ಕೆಂಪಾಗಿದ್ದರೆ, ಕಂದು ಬಣ್ಣದ ಗುಗ್ಗೆ ಅಥವಾ ಹುಳಿವಾಸನೆ ಇದ್ದರೆ ವೈದ್ಯರಲ್ಲಿಗೆ ಹೋಗು. ಹತ್ತಿಕಡ್ಡಿ ಮಾತ್ರ ಒಳಗೆ ಹಾಕಲೇಬೇಡ. ತಿರುಗಾಡಿ ಬಂದ ಮೇಲೆ ಬೆರಳಸಂದುಗಳನ್ನೂ ಕಿವಿಯ ಕೂದಲನ್ನೂ ಬಿಡಿಸಿ ತಡಕು. ಹುಲ್ಲಿನ ಮುಳ್ಳುಬೀಜ ಚರ್ಮವನ್ನು ಚುಚ್ಚಿ ಒಳಕ್ಕೆ ಸರಿಯುತ್ತ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ತಲೆಯನ್ನು ಒಂದೇ ಕಡೆಗೆ ವಾಲಿಸಿಕೊಂಡು ಒದರುತ್ತಿದ್ದರೆ ಮರುದಿನದವರೆಗೆ ಕಾಯಬೇಡ.

ತಣ್ಣೀರಿನಲ್ಲಿ ಬಹಳ ಹೊತ್ತು ಈಜಿದ ಮರುದಿನ ಬಾಲ ನಿಸ್ತೇಜವಾಗಿ ಜೋತುಬಿದ್ದರೆ ಗಾಬರಿಯಾಗಬೇಡ. ಬಾಲದ ಸ್ನಾಯುಗಳ ನೋವು ಅದು. ವೈದ್ಯರಿಗೆ ತೋರಿಸು, ವಿಶ್ರಾಂತಿ ಕೊಡು. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಈಜಿ ಬಂದಾಗಲೆಲ್ಲ ಮೈಗಿಂತ ಮೊದಲು ಕಿವಿ ಒರೆಸು.

ಇವತ್ತು ಸಂಜೆಯೇ ಎರಡೂ ಕಿವಿಗಳನ್ನು ಎತ್ತಿ ನೋಡಿ, ಕಂಡದ್ದನ್ನು ನನಗೆ ಬರೆ.

ಇಂತು,
ನಿನ್ನ ದೊಡ್ಡಪ್ಪ